ರೈಫಲ್ಲಿನ ಹೊಟ್ಟೆ ಕೊರೆಯುವ ಕೆಲಸ

ಪೀಣ್ಯದ ಯಾವುದಾದರೂ ಸಣ್ಣ ಸಿಎನ್‌ಸಿ ಘಟಕಕ್ಕೆ ಒಂದು ಅಲ್ಯೂಮಿನಿಯಂ ಗಟ್ಟಿಯನ್ನೂ ಸರಿಯಾದ ಡ್ರಾಯಿಂಗನ್ನೂ ಕೊಟ್ಟರೆ, ರೈಫಲ್ಲಿನ ಬಾಟಮ್ ಮೆಟಲ್ ಒಂದನ್ನು ಕಡೆದುಕೊಡುವುದು ಅವರಿಗೆ ಮಹಾ ಕೆಲಸವೇನಲ್ಲ. ವಿಮಾನದ ಬಿಡಿಭಾಗ, ಪಂಪಿನ ಕವಚ, ಆಸ್ಪತ್ರೆ ಯಂತ್ರದ ಚೌಕಟ್ಟು ಮಾಡಿ ಪಳಗಿದ ಕೈಗಳಿಗೆ ಗೇಣುದ್ದದ ಈ ತುಂಡು ಯಾವ ಲೆಕ್ಕ? ಆದರೆ ಮಾಡಿಕೊಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್ನು ಬಂದೂಕಿನ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳನ್ನೂ, ಅವನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸಿಬಿಟ್ಟಿದೆ. ಗುಂಡು ಹಾರಿಸಲಾರದ, ನಳಿಗೆಯಿಲ್ಲದ ಲೋಹದ ತುಂಡೂ ಕಾನೂನಿನ ಕಣ್ಣಲ್ಲಿ ಬಂದೂಕೇ.

ಉತ್ತರ ಬೆಂಗಳೂರಿನ ಮಟ್ಟಿಗೆ ಈ ವಿಷಯದ ಸೊಗಸು ಇರುವುದು ಇಲ್ಲೇ. ಈ ಕೆಲಸಕ್ಕೆ ಬೇಕಾದ ವಿದ್ಯೆಗಳೆಲ್ಲ ತುಮಕೂರು ರಸ್ತೆಯ ಆಚೀಚೆ ಹರಡಿಕೊಂಡಿವೆ: ಲೋಹ ಕಡೆಯುವವರು, ಮರದ ಗುಣ ಬಲ್ಲವರು, ಮೈಕ್ರಾನ್ ಅಳೆಯುವವರು, ಲೇಪನ ಹಾಕುವವರು. ಯಲಹಂಕದ ಕಡೆ ಹೊರಟರೆ ದಿನಬೆಳಗಾದರೆ ರೈಫಲ್ ಬಿಚ್ಚಿ ಜೋಡಿಸುವ ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್‌ನವರ ನೆಲೆಗಳಿವೆ. ಇವನ್ನೆಲ್ಲ ಒಂದೇ ಮೇಜಿನ ಮೇಲೆ ತರುವ ಅಧಿಕಾರವುಳ್ಳ ಕೈ ಮಾತ್ರ ಅಪರೂಪ.

ಮೊದಲು ಕೆಲಸ ಏನೆಂದು ನೋಡೋಣ. ಬೋಲ್ಟ್ ರೈಫಲ್ಲನ್ನು ಬೋರಲು ಹಾಕಿದರೆ ಸ್ಟಾಕಿನ, ಅಂದರೆ ಮರದ ಮೈಯ, ಹೊಟ್ಟೆಯಲ್ಲಿ ಉದ್ದಕ್ಕೆ ಕೂತಿರುವ ಲೋಹ ಕಾಣುತ್ತದೆ. ಅದೇ ಬಾಟಮ್ ಮೆಟಲ್. ಕುದುರೆಗೆ ಕಾವಲಾಗಿರುವ ಬಳೆ, ಅದರ ಮುಂದೆ ತೋಟಾಗಳ ಗೂಡಿಗೆ ಮುಚ್ಚಳ, ಹಿಂದೊಂದು ಮುಂದೊಂದು ಸ್ಕ್ರೂ. ಆ ಎರಡು ಸ್ಕ್ರೂಗಳು ಮರದ ಮೂಲಕ ಹಾದು ಮೇಲಿನ ಆ್ಯಕ್ಷನ್ನನ್ನು, ಅಂದರೆ ಬೋಲ್ಟ್ ಓಡಾಡುವ ಲೋಹದ ಮೈಯನ್ನು, ಹಿಡಿದು ಕೆಳಗೆಳೆಯುತ್ತವೆ. ಅಂದರೆ ಮರ ನಡುವೆ ಸಿಕ್ಕಿಕೊಂಡಿದೆ. ಮೇಲೂ ಲೋಹ, ಕೆಳಗೂ ಲೋಹ. ಹಳೆಯ ಬೇಟೆ ರೈಫಲ್ಲುಗಳಲ್ಲಿ ತೋಟಾಗಳನ್ನು ಮೇಲಿನಿಂದ ಒಂದೊಂದಾಗಿ ಒತ್ತಿ ತುಂಬಬೇಕು. ಖಾಲಿ ಮಾಡುವಾಗ ಕೆಳಗಿನ ಮುಚ್ಚಳ ತೆರೆದು ಸುರಿಯಬೇಕು. ಆ ಮುಚ್ಚಳದ ಜಾಗದಲ್ಲಿ ಬಾಯಿಯೊಂದನ್ನು ಮಾಡಿ, ತುಂಬಿದ ಡಬ್ಬಿಯನ್ನು, ಅಂದರೆ ಮ್ಯಾಗಜೀನನ್ನು, ಕೆಳಗಿನಿಂದ ಟಕ್ಕನೆ ಸಿಕ್ಕಿಸುವಂತೆ ಬದಲಿಸುವುದೇ ಇಲ್ಲಿನ ಕೆಲಸ. ಹೇಳಿದಷ್ಟು ಸುಲಭವಲ್ಲ. ಅದಕ್ಕೆ ಮರವನ್ನು ಹೊಸದಾಗಿ ಕೊರೆಯಬೇಕು, ಕೊರೆದದ್ದನ್ನು ಮತ್ತೆ ತುಂಬಲಾಗದು.

ಕಳಚುವ ಮ್ಯಾಗಜೀನ್ ಹೊಸ ಕಾಲದ್ದು ಎಂದುಕೊಳ್ಳುವವರುಂಟು. ಜೇಮ್ಸ್ ಪ್ಯಾರಿಸ್ ಲೀ ಅದಕ್ಕೆ ಪೇಟೆಂಟ್ ಪಡೆದದ್ದು 1879ರಲ್ಲಿ. 1888ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಲೀ-ಮೆಟ್‌ಫರ್ಡ್ ರೈಫಲ್ಲಿಗೆ ಆ ಡಬ್ಬಿ ಇತ್ತು. ಆದರೆ ಸಿಪಾಯಿ ಕಳೆದುಕೊಂಡಾನು ಎಂದು ಅದನ್ನು ಚಿಕ್ಕ ಸರಪಳಿ ಕೊಂಡಿಯಿಂದ ರೈಫಲ್ಲಿಗೇ ಕಟ್ಟಿದ್ದರು. ಅಷ್ಟು ಸಾಲದೆಂದು ಮ್ಯಾಗಜೀನನ್ನು ಮುಚ್ಚಿಡುವ ತಗಡೊಂದು ಬೇರೆ. ಒಂದೊಂದೇ ತೋಟಾ ಹಾಕಿ ಹೊಡೆ, ತುಂಬಿದ್ದನ್ನು ಆಪತ್ಕಾಲಕ್ಕೆ ಇಟ್ಟುಕೋ ಎನ್ನುವ ಲೆಕ್ಕಾಚಾರ. ಬೋಯರ್ ಯುದ್ಧದಲ್ಲಿ ಎದುರಾಳಿಗಳು ಮೌಸರ್ ರೈಫಲ್ಲಿಗೆ ಐದು ತೋಟಾಗಳ ಪಟ್ಟಿಯನ್ನು ಒಂದೇ ಒತ್ತಿಗೆ ತುಂಬುವುದನ್ನು ಕಂಡ ಮೇಲೆ ಬ್ರಿಟಿಷರಿಗೂ ಪಟ್ಟಿಯೇ ಹಿಡಿಸಿತು. ಮುಂದೆ ಬಂದ .303 ಲೀ-ಎನ್‌ಫೀಲ್ಡಿನ ಹತ್ತು ಗುಂಡಿನ ಡಬ್ಬಿ ಕಳಚುತ್ತದಾದರೂ, ಕಳಚುತ್ತಿದ್ದದ್ದು ತೊಳೆದು ಒರೆಸುವುದಕ್ಕೆ ಮಾತ್ರ. ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆ 1960ರ ದಶಕದಲ್ಲಿ ಅದೇ ವಂಶದ ರೈಫಲ್ಲನ್ನು 7.62 ತೋಟಾಕ್ಕೆ ಹೊಂದಿಸಿ 12 ಗುಂಡಿನ ಡಬ್ಬಿ ಕೊಟ್ಟಾಗಲೂ ರೂಢಿ ಹಾಗೇ ಉಳಿಯಿತು.

ಇನ್ನೊಂದು ಕವಲು ಪಾಲ್ ಮೌಸರ್‌ನದು. 1898ರ ಅವನ ವಿನ್ಯಾಸದಲ್ಲಿ ಐದು ತೋಟಾಗಳು ಸ್ಟಾಕಿನ ಒಳಗೇ ಅಡಗುತ್ತವೆ, ಹೊಟ್ಟೆಯಿಂದ ಏನೂ ಹೊರಚಾಚುವುದಿಲ್ಲ. ಕೈಯಲ್ಲಿ ಹಿಡಿದು ಕಾಡು ತಿರುಗಲು ಹಿತ. ಜಗತ್ತಿನ ಬೇಟೆ ರೈಫಲ್ಲುಗಳು ಬಹುಪಾಲು ಇದನ್ನೇ ಅನುಸರಿಸಿದವು. ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಕನ್ನಡಿಗರ ಮನೆಮಾತಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಮಾತ್ರ ಬೇರೆ ದಾರಿಯವರು. ಅವರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, 1895ರ ಮಾದರಿ. ಕುದುರೆಯ ಸುತ್ತಲಿನ ಸನ್ನೆಯನ್ನು ಕೆಳಗೆಳೆದು ತೋಟಾ ಏರಿಸುವ ಬಗೆಯದು. ಅದರ ಪೆಟ್ಟಿಗೆಯೂ ಕಳಚದು. ನರಭಕ್ಷಕಗಳ ಎದುರು ನಿಂತವರಿಗೂ ಹತ್ತು ಗುಂಡಿನ ಡಬ್ಬಿ ಬೇಕೆನಿಸಿರಲಿಲ್ಲ ಎಂಬುದನ್ನು, ಈಗ ಕಳಚುವ ಮ್ಯಾಗಜೀನ್ ಇಲ್ಲದ ರೈಫಲ್ಲೂ ಒಂದು ರೈಫಲ್ಲೇ? ಎಂದು ಮೂಗು ಮುರಿಯುವವರು ನೆನಪಿಡಬಹುದು.

ರೂಢಿ ಬದಲಾದದ್ದು 1980ರ ದಶಕದ ನಂತರ. ಇಂಗ್ಲೆಂಡಿನ ಅಕ್ಯುರಸಿ ಇಂಟರ್‌ನ್ಯಾಷನಲ್ ಎಂಬ ಸಣ್ಣ ಕಂಪನಿಯ ರೈಫಲ್ ಅಲ್ಲಿನ ಸೇನೆಗೆ ಎಲ್96 ಎಂದು ಸೇರಿತು. ಆ ಕಂಪನಿ ಬೇರೆಯವರ ಆ್ಯಕ್ಷನ್ನುಗಳಿಗೆಂದು ಮಾಡಿದ ಚಾಸಿಯ, ಅಂದರೆ ಸ್ಟಾಕಿನ ಬದಲು ಬರುವ ಲೋಹದ ಚೌಕಟ್ಟಿನ, ಮ್ಯಾಗಜೀನ್ ಎಐಸಿಎಸ್ ಎಂಬ ಹೆಸರಿನಲ್ಲಿ ಪ್ರಪಂಚದ ಅಲಿಖಿತ ಮಾನದಂಡವಾಗಿಬಿಟ್ಟಿತು. 1962ರಲ್ಲಿ ಬಂದ ರೆಮಿಂಗ್ಟನ್ 700 ಅಮೆರಿಕದಲ್ಲಿ ಮನೆಮನೆಯ ರೈಫಲ್. ಅದರ ಸ್ಟಾಕಿಗೆ ಈ ಮ್ಯಾಗಜೀನನ್ನು ಹೊಂದಿಸಲು ಬ್ಯಾಜರ್ ಆರ್ಡನೆನ್ಸ್ ಕಂಪನಿಯ ಎಂ5 ಬಾಟಮ್ ಮೆಟಲ್ ಬಂದಿತು, ಅದರ ಅಳತೆಯ ಕೊರೆತವೇ ಮಿಕ್ಕವರಿಗೂ ಮಾದರಿಯಾಯಿತು. ಆಮೇಲೆ ಮ್ಯಾಗ್‌ಪುಲ್‌ನಂಥವರು ಪ್ಲಾಸ್ಟಿಕ್ಕಿನಲ್ಲೇ ಡಬ್ಬಿ ಅಚ್ಚುಹಾಕಿದಾಗ ಬೆಲೆಯೂ ಇಳಿಯಿತು.

ಇಷ್ಟು ದೂರ ಬಂದ ಮಾನದಂಡ ಭಾರತದ ಬಾಗಿಲಲ್ಲಿ ಎಡವುತ್ತದೆ. ಕಾರಣ ತೋಟಾ. ಪ್ರಪಂಚದ ಎಐಸಿಎಸ್ ಡಬ್ಬಿಗಳಲ್ಲಿ ಬಹುಪಾಲು .308 ಅಳತೆಯ ಗಿಡ್ಡ ತೋಟಾಗಳಿಗೆ. ಅದು ಸೇನೆಯ 7.62ರ ಸೋದರ, ನಮ್ಮಲ್ಲಿ ಸೇನೆಯ ತೋಟಾ ಹಾರಿಸುವ ಬೋರುಗಳು ನಿಷೇಧಿತ ವರ್ಗಕ್ಕೆ ಸೇರಿದವು. ಜನಸಾಮಾನ್ಯರ ಪರವಾನಗಿಯಲ್ಲಿ ಕಾಣುವ ರೈಫಲ್ ಎಂದರೆ ಸರ್ಕಾರಿ ಕಾರ್ಖಾನೆಗಳ .315. ಬ್ರಿಟಿಷರು .303 ತೋಟಾವನ್ನು ಸಾರ್ವಜನಿಕರ ಕೈಗೆ ಕೊಡಲೊಪ್ಪದ್ದರಿಂದ ಇಲ್ಲಿ ಬೇರೂರಿದ ಹಳೆಯ ಆಸ್ಟ್ರಿಯನ್ ತೋಟಾ ಅದು, 8×50. ಅದರ ಬುಡಕ್ಕೆ ಅಗಲವಾದ ಅಂಚಿದೆ. ಅಂಚಿನ ತೋಟಾಗಳನ್ನು ಒಂದರ ಮೇಲೊಂದು ಪೇರಿಸುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಬಿದ್ದರೆ ಬೋಲ್ಟ್ ತಳ್ಳಿದರೂ ತೋಟಾ ಕದಲುವುದಿಲ್ಲ. ಅದಕ್ಕೇ ಅಂಥ ಡಬ್ಬಿಗಳಿಗೆ ವಿಶೇಷ ಬಾಗು, ವಿಶೇಷ ತುಟಿ ಬೇಕು. ಹೊರದೇಶದ ಸಿದ್ಧ ಡಬ್ಬಿ ಯಾವುದೂ ಅದಕ್ಕೆ ಒದಗದು. ಇಶಾಪುರದವರು .30-06ರಲ್ಲೂ ರೈಫಲ್ ತಂದರು. ಅದಕ್ಕೆ ಅಂಚಿನ ಕಾಟವಿಲ್ಲ, ಆದರೆ ತೋಟಾ ಉದ್ದ. ಉದ್ದ ಆ್ಯಕ್ಷನ್ನಿನ ಬಾಟಮ್ ಮೆಟಲ್ಲೂ ಉದ್ದ ಡಬ್ಬಿಯೂ ಬೇಕು, ಮಾರುಕಟ್ಟೆಯಲ್ಲಿ ಆಯ್ಕೆ ಅಷ್ಟಕ್ಕೇ ಕಿರಿದಾಗುತ್ತದೆ.

ಕೆಲಸದ ಕಷ್ಟ ಎಲ್ಲಿದೆ ಎಂಬುದಕ್ಕೆ ಹಲವರ ಉತ್ತರ ಮರ ಕೊರೆಯುವುದರಲ್ಲಿ ಎಂದು. ನನ್ನ ಪ್ರಕಾರ ಅಲ್ಲ, ಎತ್ತರದಲ್ಲಿ. ಬೋಲ್ಟ್ ಮುಂದಕ್ಕೆ ಹೋಗುವಾಗ ಅದರ ಮುಖದ ಕೆಳ ಅಂಚು ಡಬ್ಬಿಯ ತುಟಿಗಳ ನಡುವೆ ಇಣುಕುತ್ತಿರುವ ತೋಟಾದ ಬುಡವನ್ನು ತಾಗಿ ತಳ್ಳಬೇಕು. ಡಬ್ಬಿ ಸ್ವಲ್ಪ ಕೆಳಗಿದ್ದರೆ ಬೋಲ್ಟ್ ತೋಟಾದ ಬೆನ್ನ ಮೇಲೆ ಜಾರಿ ಖಾಲಿ ಕೋಣೆಯನ್ನೇ ಮುಚ್ಚುತ್ತದೆ. ಹೊಡೆಯುವವನಿಗೆ ‘ಟಿಕ್’ ಎಂಬ ಸದ್ದು ಮಾತ್ರ. ಸ್ವಲ್ಪ ಮೇಲಿದ್ದರೆ ತುಟಿಗಳು ಬೋಲ್ಟಿನ ತಳವನ್ನು ಕೆರೆಯುತ್ತವೆ. ಈ ಎತ್ತರವನ್ನು ನಿರ್ಧರಿಸುವುದು ಡಬ್ಬಿಯನ್ನು ಹಿಡಿದಿಡುವ ಕೊಂಡಿ. ಕೊಂಡಿ ಇರುವುದು ಬಾಟಮ್ ಮೆಟಲ್ಲಿನಲ್ಲಿ. ಬಾಟಮ್ ಮೆಟಲ್ ಎಷ್ಟು ಆಳ ಕೂತಿದೆ ಎನ್ನುವುದು ಮರದ ಕೊರೆತದಲ್ಲಿ. ಹೀಗೆ ಬಡಗಿಯ ಉಳಿ ಅರ್ಧ ಮಿಲಿಮೀಟರ್ ಆಚೀಚೆ ಹೋದರೆ ಫಲ ಕಾಣುವುದು ತೋಟಾ ಏರುವ ಕಡೆ. ಡಬ್ಬಿ ಕೆಟ್ಟದ್ದೆಂದು ಅದರ ತುಟಿಗಳನ್ನು ಇಕ್ಕಳದಿಂದ ಬಗ್ಗಿಸಿ ಹಾಳುಮಾಡಿಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಎರಡನೆಯದು ಬಿಗಿತ. ಹೊಸ ಬಾಟಮ್ ಮೆಟಲ್ಲಿನ ಮೇಲಂಚು ಆ್ಯಕ್ಷನ್ನಿನ ತಳಕ್ಕೆ ನೇರವಾಗಿ ತಾಗಿದರೆ ಸ್ಕ್ರೂ ಬಿಗಿಯಾದಂತೆ ತೋರುತ್ತದೆ, ಆದರೆ ಲೋಹ ಲೋಹವನ್ನೇ ಹಿಡಿದಿರುತ್ತದೆ. ನಡುವಿನ ಮರ ಸಡಿಲ. ಗುಂಡಿನಿಂದ ಗುಂಡಿಗೆ ಆ್ಯಕ್ಷನ್ ಕೂದಲೆಳೆಯಷ್ಟು ಸರಿದಾಡಿ ಗುರಿ ಚೆಲ್ಲಾಡುತ್ತದೆ. ಅದಕ್ಕೇ ಸ್ಕ್ರೂ ಹಾದುಹೋಗುವ ಕಡೆ ಅಲ್ಯೂಮಿನಿಯಂ ಕೊಳವೆ ಕೂರಿಸಿ, ಸುತ್ತ ಎಪಾಕ್ಸಿ ಹಾಸಿ, ಆ್ಯಕ್ಷನ್ನಿನ ಅಚ್ಚನ್ನೇ ಅದರಲ್ಲಿ ಮೂಡಿಸುವ ಪದ್ಧತಿ. ಕೊಳವೆ ಕೂರಿಸಿದ ಸ್ಟಾಕಿಗೆ ಸುಮಾರು ಏಳು ನ್ಯೂಟನ್-ಮೀಟರ್ ಬಿಗಿ ಸಾಮಾನ್ಯ. ಬರೀ ಮರಕ್ಕೆ ಅಷ್ಟು ಕೊಟ್ಟರೆ ಮರವೇ ಕುಸಿಯುತ್ತದೆ. ಸ್ಕ್ರೂವಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಹಳೆಯದಕ್ಕಿಂತ ತೆಳುವಾದ ಬಾಟಮ್ ಮೆಟಲ್ಲಿಗೆ ಹಳೆಯ ಸ್ಕ್ರೂ ಹಾಕಿದರೆ ಮುಂದಿನದು ಬೋಲ್ಟಿನ ಹಲ್ಲಿಗೆ ತಾಗಿ ಬೋಲ್ಟೇ ಮುಚ್ಚದು.

ಪರೀಕ್ಷೆ ಸರಳ. ಸ್ಟಾಕಿನ ಮುಂತುದಿಗೆ ಡಯಲ್ ಗೇಜ್ ಕಟ್ಟಿ ಅದರ ಮುಳ್ಳನ್ನು ನಳಿಗೆಗೆ ತಾಗಿಸಿ, ಒಂದು ಸ್ಕ್ರೂವನ್ನು ನಿಧಾನಕ್ಕೆ ಸಡಿಲಿಸುವುದು. ಮುಳ್ಳು 0.05 ಮಿಲಿಮೀಟರಿಗಿಂತ ಹೆಚ್ಚು ಅಲುಗಿದರೆ ಆ್ಯಕ್ಷನ್ ಬಾಗಿ ಕೂತಿದೆ ಎಂದರ್ಥ. ಈ ಗೇಜ್ ಇಲ್ಲದ ಘಟಕ ಪೀಣ್ಯದಲ್ಲಿ ಇರಲಾರದು. ಅಳತೆಯ ಈ ಸಂಸ್ಕಾರ ಉತ್ತರ ಬೆಂಗಳೂರಿಗೆ ತಾನಾಗಿ ಬಂದದ್ದಲ್ಲ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಲೇತುಗಳನ್ನು ಮಾಡಲು ಕೂತಿತು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಅಂದರೆ ಸಿಎಂಟಿಐ, ತಲೆಯೆತ್ತಿತು. ಅಲ್ಲಿ ಪಳಗಿದವರೂ ಅವರ ಶಿಷ್ಯರೂ ಸುತ್ತಲಿನ ಶೆಡ್ಡುಗಳಿಗೆ ಹರಡಿದರು.

ಲೇಪನದ ಬಗ್ಗೆ ಒಂದು ಮಾತು, ಏಕೆಂದರೆ ಇಲ್ಲಿ ಜಾಣರೂ ಮೋಸಹೋಗುತ್ತಾರೆ. ಅಲ್ಯೂಮಿನಿಯಂ ತುಂಡಿಗೆ ಗಡಸು ಆನೊಡೈಸಿಂಗ್ ಮಾಡಿಸಿದರೆ ಪದರ ಸುಮಾರು 50 ಮೈಕ್ರಾನ್ ದಪ್ಪ ಬರುತ್ತದೆ. ಅದರಲ್ಲಿ ಅರ್ಧ ಲೋಹದೊಳಗೆ ಇಳಿಯುತ್ತದೆ, ಅರ್ಧ ಹೊರಗೆ ಬೆಳೆಯುತ್ತದೆ. ಡಬ್ಬಿ ಜಾರುವ ಬಾಯಿಯ ಎರಡು ಗೋಡೆಗಳೂ ಇಪ್ಪತ್ತೈದು ಇಪ್ಪತ್ತೈದು ಮೈಕ್ರಾನ್ ಒಳಬಂದರೆ, ಲೇಪನಕ್ಕೆ ಮುಂಚೆ ಬೆಣ್ಣೆಯಂತೆ ಜಾರುತ್ತಿದ್ದ ಡಬ್ಬಿ ಆಮೇಲೆ ಬಿಗಿಹಿಡಿಯುತ್ತದೆ. ಡ್ರಾಯಿಂಗಿನಲ್ಲಿ ಆ ಐವತ್ತನ್ನು ಮೊದಲೇ ಬಿಡಬೇಕು.

ಮರದ ಕಥೆ ಯಶವಂತಪುರಕ್ಕೆ ಕರೆದೊಯ್ಯುತ್ತದೆ. ಅಲ್ಲಿನ ಪ್ಲೈವುಡ್ ಸಂಶೋಧನಾ ಸಂಸ್ಥೆ, ಇಪಿರ್ಟಿ, ದಶಕಗಳ ಕಾಲ ಅಧ್ಯಯನ ಮಾಡಿದ್ದು ಇದನ್ನೇ: ಪದರಗಳನ್ನು ಅಂಟಿಸಿದ ಮರ ತೇವಕ್ಕೆ ಎಷ್ಟು ಊದುತ್ತದೆ, ಯಾವ ರಾಳ ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು. ಮಲ್ಲೇಶ್ವರದ ಹದಿನೆಂಟನೇ ಅಡ್ಡರಸ್ತೆಯ ಮರವಿಜ್ಞಾನ ಸಂಸ್ಥೆಯೂ ದೂರವಿಲ್ಲ. ರೈಫಲ್ ಸ್ಟಾಕಿಗೆ ಸಾಂಪ್ರದಾಯಿಕ ಮರ ಅಕ್ರೋಟು. ಒಂಟಿ ಹಲಗೆಯ ಅಕ್ರೋಟು ಎಷ್ಟೇ ಚೆಂದವಿದ್ದರೂ ಮಳೆಗಾಲದ ತೇವಕ್ಕೆ ಉಸಿರಾಡುತ್ತದೆ. ಆಗಸ್ಟಿನಲ್ಲಿ ಹಿಡಿದ ಬಿಗಿ ಮಾರ್ಚಿಗೆ ಸಡಿಲವಾದೀತು. ಇಶಾಪುರದವರಿಗೆ ಮರದ ದೌರ್ಬಲ್ಯ ಚೆನ್ನಾಗಿ ಗೊತ್ತಿತ್ತು. ಅವರ ಲೀ-ಎನ್‌ಫೀಲ್ಡುಗಳ ಮುಂಗಟ್ಟಿಗೆ ಅಡ್ಡಲಾಗಿ ಒಂದು ಸ್ಕ್ರೂ ತೂರಿಸಿ ಸೀಳು ತಡೆಯುತ್ತಿದ್ದರು. ‘ಇಶಾಪುರ ಸ್ಕ್ರೂ’ ಎಂದೇ ಸಂಗ್ರಾಹಕರು ಅದನ್ನು ಗುರುತಿಸುವುದು. ದೊಡ್ಡ ಡಬ್ಬಿಗಾಗಿ ಹೊಟ್ಟೆ ಅಗಲಿಸಿದಾಗ ಎರಡು ಬದಿಯ ಗೋಡೆಗಳು ತೆಳ್ಳಗಾಗುತ್ತವೆ. ಹಾಗಾಗಿ ಹಳೆಯ ಸೊಗಸಾದ ಒಂಟಿ ಹಲಗೆಯ ಸ್ಟಾಕನ್ನು ಇದಕ್ಕಾಗಿ ಕೊರೆಯುವುದು ನನಗೆ ಒಪ್ಪಿಗೆಯಿಲ್ಲ. ಪದರ ಮರದ ಹೊಸ ಸ್ಟಾಕಾದರೆ ಸರಿ, ಅಲ್ಯೂಮಿನಿಯಂ ಚಾಸಿಯಾದರೆ ಮರದ ಗೊಡವೆಯೇ ಇಲ್ಲ.

ಈಗ ಕಾನೂನು. ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕನ್ನು ತಯಾರಿಸಲು, ಮಾರಲು, ಮಾರ್ಪಡಿಸಲು, ರಿಪೇರಿ ಮಾಡಲು, ಪರೀಕ್ಷಿಸಲು ಪರವಾನಗಿ ಬೇಕು. ಇದು ಬಂದೂಕು ಇಟ್ಟುಕೊಳ್ಳುವ ಪರವಾನಗಿಯಲ್ಲ, ಬೇರೆಯದೇ. ನಿಮ್ಮ ರೈಫಲ್ಲಿನ ಪರವಾನಗಿ ಪುಸ್ತಕ ಸರಿಯಾಗಿದೆ ಎಂದ ಮಾತ್ರಕ್ಕೆ ಪರಿಚಯದ ಟೂಲ್‌ರೂಮಿನವರು ಅದಕ್ಕೆ ಕೈಹಾಕುವಂತಿಲ್ಲ. 2019ರ ತಿದ್ದುಪಡಿ ಇದಕ್ಕಿದ್ದ ಶಿಕ್ಷೆಯನ್ನು ಕನಿಷ್ಠ ಏಳು ವರ್ಷಕ್ಕೆ, ಗರಿಷ್ಠ ಜೀವಾವಧಿಗೆ ಏರಿಸಿದೆ. ಅದೇ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ‘ಬರೀ ಒಂದು ಅಲ್ಯೂಮಿನಿಯಂ ಜಾಬು ಸಾರ್’ ಎಂದು ಡ್ರಾಯಿಂಗ್ ತೆಗೆದುಕೊಳ್ಳುವ ಘಟಕದ ಯಜಮಾನನಿಗೆ, ಅದು ಏನೆಂದು ಹೇಳದೆ ಮಾಡಿಸಿಕೊಳ್ಳುವುದು ಅವನ ಕೊರಳಿಗೆ ಉರುಳು ಹಾಕಿದಂತೆ. ಮನೆಯ ತ್ರೀಡಿ ಪ್ರಿಂಟರಿನಲ್ಲಿ ಅಚ್ಚುಹಾಕುತ್ತೇನೆ ಎನ್ನುವವರಿಗೂ ಇದೇ ಮಾತು. ವಿದೇಶದಿಂದ ತರಿಸುವ ದಾರಿಯೂ ಕಿರಿದು. ಜನಸಾಮಾನ್ಯರಿಗೆ ಬಂದೂಕು ಆಮದು 1980ರ ದಶಕದಲ್ಲೇ ಮುಚ್ಚಿಹೋಗಿ, ಮಾನ್ಯತೆ ಪಡೆದ ಶೂಟರುಗಳಿಗೆ ಮತ್ತು ಕೆಲವೇ ವಿನಾಯಿತಿಗಳಿಗೆ ಉಳಿದಿದೆ.

ಕೊಡಗಿನವರ ಮಾತೇ ಬೇರೆ ಎಂಬ ನಂಬಿಕೆ ಬೆಂಗಳೂರಿನಲ್ಲಿ ಬಲವಾಗಿದೆ. ಬೇರೆ ಹೌದು, ಆದರೆ ಅಷ್ಟಕ್ಕೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 41ನೇ ಸೆಕ್ಷನ್ನಿನಡಿ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿ, ಕೋವಿ ಮಾರ್ಪಡಿಸುವ ಅಂಗಡಿಯ ಪರವಾನಗಿಯಲ್ಲ. ಆರ್.ಟಿ. ನಗರದಲ್ಲೋ ಸಹಕಾರನಗರದಲ್ಲೋ ನೆಲೆಸಿದ ಕೊಡವ ಮನೆಯವರು ಕೈಲ್‌ಪೊಳ್ದ್ ಹಬ್ಬಕ್ಕೆ ಊರಿಗೆ ಹೋಗಿ ಪೂಜೆಗಿಡುವ ಕೋವಿ ಹೆಚ್ಚಾಗಿ ಜೋಡುನಳಿಗೆಯದೋ ಒಂಟಿನಳಿಗೆಯದೋ ಆಗಿರುತ್ತದೆ. ಅದರ ಹೊಟ್ಟೆಯಲ್ಲಿ ಮ್ಯಾಗಜೀನಿಗೆ ಜಾಗವೇ ಇಲ್ಲ.

ಹಾಗಾದರೆ ಯಾರಿಗೆ ಬೇಕು ಇದು? ಬೇಟೆಗಾರ ಎಂಬ ಜಾತಿಯನ್ನು 1972ರ ವನ್ಯಜೀವಿ ಕಾಯ್ದೆ ಮುಗಿಸಿದೆ. ಕ್ರೀಡೆಯಲ್ಲಿ 10 ಮೀಟರ್ ಗಾಳಿ ರೈಫಲ್, 50 ಮೀಟರ್ ಮೂರು ಭಂಗಿ, ಎಲ್ಲವೂ ಒಂದೊಂದೇ ಗುಂಡು ಹಾಕಿ ಹೊಡೆಯುವವು. ನಗರದ ಶೂಟಿಂಗ್ ಅಕಾಡೆಮಿಗಳಲ್ಲಿ ಕಲಿಯುವ ಮಕ್ಕಳಿಗೆ ಮ್ಯಾಗಜೀನ್ ಎಂಬುದೇ ಅಪ್ರಸ್ತುತ. ಸ್ಟಾಕಿನ ಕೆಲಸವನ್ನು ಕೈಯಾರೆ ಕಲಿಯುವ ಹಂಬಲವಿದ್ದವರಿಗೆ ಪರವಾನಗಿ ಬೇಡದ ಕಡಿಮೆ ಶಕ್ತಿಯ ಗಾಳಿ ರೈಫಲ್ಲೇ ಒಳ್ಳೆಯ ಪಾಠಶಾಲೆ: ಕೊರೆತ, ಕೊಳವೆ, ಎಪಾಕ್ಸಿ, ಡಯಲ್ ಗೇಜ್ ಎಲ್ಲವೂ ಅಲ್ಲಿ ಹಾಗೇ ಅನ್ವಯಿಸುತ್ತವೆ.

ನಿಜವಾದ ಬೇಡಿಕೆ ಇರುವುದು ಪಡೆಗಳಿಂದ. ಅಲ್ಲಿಯೂ ಡಬ್ಬಿಯ ಮಹತ್ವ ಪೆಟ್ಟು ತಿಂದ ಮೇಲೆ ತಿಳಿದದ್ದು. ಸೇನೆಯ ಇನ್ಸಾಸ್ ರೈಫಲ್ಲಿನ ಇಪ್ಪತ್ತು ಗುಂಡಿನ ಅರೆಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಎತ್ತರದ ಚಳಿಯಲ್ಲಿ ಬಿರಿಯುತ್ತದೆ ಎಂಬ ದೂರು ಕಾರ್ಗಿಲ್ ಕಾಲದಿಂದ ಅದರ ಹೆಸರಿಗೆ ಅಂಟಿಕೊಂಡಿತು. 2019ರಲ್ಲಿ ಸೇನೆಯ ಉತ್ತರ ಕಮಾಂಡ್ ಹೊರದೇಶದ .338 ಸ್ನೈಪರ್ ರೈಫಲ್ಲುಗಳನ್ನು ತರಿಸಿಕೊಂಡಿತು. ಅದೇ ಹೊತ್ತಿಗೆ ಬೆಂಗಳೂರಿನದೇ ಒಂದು ಕಂಪನಿ ಈ ಕ್ಷೇತ್ರಕ್ಕೆ ಇಳಿಯಿತು: ಎಸ್‌ಎಸ್‌ಎಸ್ ಡಿಫೆನ್ಸ್. ಅದರ ಕಾರ್ಖಾನೆ ಜಿಗಣಿಯಲ್ಲಿ, ಊರಿನ ಇನ್ನೊಂದು ತುದಿ. 7.62ರ ವೈಪರ್, .338ರ ಸೇಬರ್ ಎಂಬ ಎರಡು ಬೋಲ್ಟ್ ರೈಫಲ್ಲುಗಳನ್ನು ಅದು ತಾನೇ ವಿನ್ಯಾಸ ಮಾಡಿತು; ಸೇಬರ್‌ನ ಗುರಿದೂರ 1500 ಮೀಟರ್. .338 ರೈಫಲ್ಲುಗಳನ್ನು ಮಿತ್ರದೇಶವೊಂದಕ್ಕೆ ರಫ್ತು ಮಾಡಿದ ಸುದ್ದಿ 2024ರಲ್ಲಿ ಬಂದಿತು. ಈ ಕಂಪನಿಯ ಮಾತೃಸಂಸ್ಥೆ ಸ್ಟಂಪ್, ಶೂಲೆ ಅಂಡ್ ಸೋಮಪ್ಪ ಸ್ಪ್ರಿಂಗ್ಸ್. ವಾಹನಗಳಿಗೆ ಸ್ಪ್ರಿಂಗ್ ಮಾಡುತ್ತ ಬೆಳೆದ ಮನೆ. ಮ್ಯಾಗಜೀನ್ ಎಂದರೆ ತಗಡಿನ ಡಬ್ಬಿಯೊಳಗೊಂದು ಸ್ಪ್ರಿಂಗು ತಾನೆ. ತಿಂಗಳುಗಟ್ಟಲೆ ಅದುಮಿಟ್ಟರೂ ಸೊರಗದೆ, ಕೊನೆಯ ತೋಟಾವನ್ನೂ ಮೊದಲಿನಷ್ಟೇ ಚುರುಕಾಗಿ ಮೇಲೆತ್ತುವ ಸ್ಪ್ರಿಂಗ್ ಮಾಡಬಲ್ಲವರಿಗೆ ಉಳಿದದ್ದು ಕಲಿಯಬಹುದಾದದ್ದೇ.

ಇಂಥ ಕಾರ್ಖಾನೆಯಲ್ಲಿ ಬಾಟಮ್ ಮೆಟಲ್ ಆಮೇಲೆ ಕೂರಿಸುವ ಭಾಗವಲ್ಲ. ಚಾಸಿಯ ಜೊತೆಗೇ ಒಂದೇ ಗಟ್ಟಿಯಿಂದ ಕಡೆದದ್ದು. ಕೊಂಡಿಯ ಎತ್ತರ, ಬಾಯಿಯ ಅಗಲ, ಲೇಪನದ ಮೈಕ್ರಾನು ಎಲ್ಲವೂ ಒಂದೇ ಡ್ರಾಯಿಂಗಿನಲ್ಲಿ ತೀರ್ಮಾನವಾಗಿರುತ್ತವೆ. ಹಳೆಯ ರೈಫಲ್ಲಿಗೆ ಹೊಸ ಬಾಯಿ ಹಚ್ಚುವ ಕಸುಬು ಅಮೆರಿಕದಲ್ಲಿ ಬೆಳೆದದ್ದು ಅಲ್ಲಿನ ಲಕ್ಷಾಂತರ ರೆಮಿಂಗ್ಟನ್ನುಗಳ ಆಧಾರದ ಮೇಲೆ. ನಮ್ಮಲ್ಲಿ ಆ ಬುನಾದಿಯಿಲ್ಲ. ಬಂದೂಕು ರಿಪೇರಿಯ ಪರವಾನಗಿ ಇರುವ ಹಳೆಯ ಅಂಗಡಿಗಳು ನಗರದಲ್ಲಿ ಕೆಲವು ಉಳಿದಿವೆ. ಅವರ ಹೊಟ್ಟೆಪಾಡು ಬಹುಮಟ್ಟಿಗೆ ತುಕ್ಕು ಬಿಡಿಸುವುದು, ಸ್ಪ್ರಿಂಗ್ ಬದಲಿಸುವುದು, ಚುನಾವಣೆ ಬಂದಾಗ ಜನರ ಬಂದೂಕುಗಳನ್ನು ಠೇವಣಿ ಇಟ್ಟುಕೊಳ್ಳುವುದು. ಕೆಲಸಗಾರ ಮುದುಕನಾದರೆ ಮಗ ಆ ಕಸುಬಿಗೆ ಬರುವುದು ಕಡಿಮೆ.

.315 ಇಟ್ಟುಕೊಂಡು ದೊಡ್ಡಬಳ್ಳಾಪುರದ ಕಡೆ ತೋಟ ಕಾಯುವವರು ಕೇಳಿದರೆ ನನ್ನ ಸಲಹೆ ಇಷ್ಟು: ಮುಟ್ಟಬೇಡಿ. ಪರವಾನಗಿ ಪುಸ್ತಕದಲ್ಲೇ ವರ್ಷಕ್ಕೆ ಎಷ್ಟು ತೋಟಾ ಎಂದು ಬರೆದಿರುತ್ತದೆ, ಅದರಲ್ಲಿ ಹಂದಿ ಓಡಿಸಲು ಹಾರಿಸುವುದು ಒಂದೋ ಎರಡೋ. .30-06 ಇಟ್ಟುಕೊಂಡು 300 ಮೀಟರ್ ಅಭ್ಯಾಸ ಮಾಡುವ ಶೂಟರ್ ಆದರೆ ದುಡ್ಡನ್ನು ಮೊದಲು ಕೊಳವೆ ಮತ್ತು ಎಪಾಕ್ಸಿಗೆ ಹಾಕಿಸಲಿ, ಅದೂ ಪರವಾನಗಿ ಇರುವ ಅಂಗಡಿಯಲ್ಲೇ, ರಸೀತಿ ಸಮೇತ. ಗುರಿ ಕೂಡುವುದು ಅದರಿಂದ. ಮ್ಯಾಗಜೀನ್ ಕಳಚುತ್ತದೋ ಇಲ್ಲವೋ ಎಂಬುದು ಗುರಿಹಲಗೆಗೆ ತಿಳಿಯುವುದಿಲ್ಲ.